ಬರೆದು ಇಳಿಸೋದು ಬಿಟ್ಟೆ, ಕೆಲಸ ಮುಗಿಯಿತು: ಕೊಡಗಿನ ಮಾಜಿ ಸೈನಿಕರ ದನಿ ಹಿಡಿದಿಟ್ಟ ನನ್ನ ಅನುಭವ

ಮೊನ್ನೆ 53ನೇ ಅಜ್ಜನ ರೆಕಾರ್ಡಿಂಗಿಗೂ ಸೂಚಿ ಹಾಕಿ ಮುಗಿಸಿದೆ, ಅಂದರೆ ಯಾವ ಮಾತು ಎಲ್ಲಿ ಬರುತ್ತೆ ಅನ್ನೋ ಪಟ್ಟಿ. ಎಲ್ಲ ಸೇರಿ ಸುಮಾರು 110 ಗಂಟೆ ದನಿ. ಈಗ ‘ಬೊಮ್ಡಿಲಾ’ (1962ರ ಚೀನಾ ಯುದ್ಧದಲ್ಲಿ ಕೈತಪ್ಪಿದ ಅರುಣಾಚಲದ ಊರು) ಅಂತ ಹುಡುಕಿದರೆ ನಾಲ್ಕು ಜನ ಸಿಗುತ್ತಾರೆ. ಒತ್ತಿದರೆ ಆ ಜಾಗದಿಂದಲೇ ಮಾತು ಶುರು. ಹೇಳಿದ ಮಾತನ್ನೆಲ್ಲ ಅಕ್ಷರಕ್ಕೆ ಪೂರ್ತಿ ಬರೆದು ಇಳಿಸದೆ ಇದೆಲ್ಲ ಆಗೋ ಮಾತಲ್ಲ, ಇದು ಸೋಮಾರಿಗಳ ದಾರಿ ಅಂದವರು ಕಡಿಮೆ ಇರಲಿಲ್ಲ. ಅವರಲ್ಲಿ ಇಬ್ಬರು ಹೋದ ತಿಂಗಳು ನನ್ನ ಸೂಚಿಯ ಎಕ್ಸೆಲ್ ಹಾಳೆ ಕೇಳಿದರು. ಕೊಟ್ಟೆ, ಒಂದು ಕಾಲಂ ಬಿಟ್ಟು.

ಶುರು ಮಾಡಿದ್ದು ತಪ್ಪು ದಾರಿಯಲ್ಲೇ. ಮೊದಲ ವರ್ಷ 40 ಸಾವಿರ ಕೊಟ್ಟು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ತಂದೆ. ಎರಡು ಲೈಟು, ಜೊತೆಗೆ ಇಬ್ಬರು ಹುಡುಗರು. ಫೋನ್ ಮಾಡಿ ಹೋದರೆ ಅಜ್ಜ ಗಡ್ಡ ಬೋಳಿಸಿ, ಕೋಟು ಹಾಕಿ, ಪದಕ ಚುಚ್ಚಿಕೊಂಡು ನೆಟ್ಟಗೆ ಕೂತಿರುತ್ತಿದ್ದರು. ಕ್ಯಾಮೆರಾ ಆನ್ ಆದ ತಕ್ಷಣ ಆಗಸ್ಟ್ 15ರ ಭಾಷಣ. 20 ನಿಮಿಷಕ್ಕೆ ‘ಜೈ ಹಿಂದ್’, ಮುಗೀತು. ನಾವು ವೈರು ಸುತ್ತಿ ಕಾಫಿ ಕುಡಿಯೋಕೆ ಕೂತಾಗ ನಿಜವಾದ ಕಥೆ ಹೊರಗೆ ಬರುತ್ತಿತ್ತು! ಹೀಗೆ ಹನ್ನೊಂದು ಮನೆ ಆಯಿತು. ಕ್ಯಾಮೆರಾ ಮಾರಿದೆ, 22 ಸಾವಿರ ಬಂತು. ಆಮೇಲೆ ಜೂಮ್ ಎಚ್1ಎನ್ ರೆಕಾರ್ಡರ್ ಒಂದು, ಕಾಲರ್ ಮೈಕ್ ಎರಡು, ಒಬ್ಬನೇ. ಅಷ್ಟೇ.

ಎರಡು ಮೈಕ್ ಯಾಕೆ ಅಂದರೆ ಒಂದು ಅಜ್ಜಿಗೆ. ಇದನ್ನು ಕಲಿಯೋಕೆ ಒಂದು ವರ್ಷ ಬೇಕಾಯಿತು. ಅಜ್ಜ ‘ಎಪ್ಪತ್ತೊಂದರಲ್ಲಿ’ ಅಂತಾರೆ, ಒಳಗಿಂದ ಅಜ್ಜಿ ‘ಅದು ಅರವತ್ತೈದು, ದೊಡ್ಡವನು ಹುಟ್ಟಿರಲಿಲ್ಲ’ ಅಂತಾರೆ. ಹತ್ತಕ್ಕೆ ಎಂಟು ಸಲ ಅಜ್ಜಿಯದೇ ಸರಿ. ಅವರ ಲೆಕ್ಕ ತಾರೀಕಿನದಲ್ಲ. ಟೆಲಿಗ್ರಾಂ ಬಂದಿದ್ದು ಪುತ್ತರಿ ಸುಗ್ಗಿಹಬ್ಬಕ್ಕೆ ಮುಂಚೆಯೋ ಆಮೇಲೆಯೋ, ಕಾಫಿ ಕೊಯ್ಲು ಶುರುವಾಗಿತ್ತೋ ಇಲ್ಲವೋ, ಹೀಗೆ. 1971ರ ಯುದ್ಧ ಡಿಸೆಂಬರ್ 3ಕ್ಕೆ ಶುರುವಾಗಿ 16ಕ್ಕೆ ಮುಗಿದದ್ದು. ಆ ಎರಡು ವಾರದಲ್ಲಿ ಮನೆಯಲ್ಲಿ ಏನು ನಡೆಯುತ್ತಿತ್ತು ಅಂತ ಕೇಳಿದರೆ ಅಜ್ಜಿಯರು ದಿನ ದಿನವೂ ಹೇಳುತ್ತಾರೆ.

ಮಳೆಯ ವಿಷಯ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಮನೆಯಲ್ಲಿ ರೆಕಾರ್ಡಿಂಗ್ ಅಂದರೆ ದುಡ್ಡು ನೀರಿಗೆ ಹಾಕಿದ ಹಾಗೆ. ಡಿಸೆಂಬರ್, ಜನವರಿಯಲ್ಲಿ ಎಲ್ಲರೂ ತೋಟದಲ್ಲಿ. ಸಂಜೆ ಆದರೆ ಜೀರುಂಡೆ. ಹಾಗಾಗಿ ನನಗೆ ಸಿಗೋದು ಫೆಬ್ರವರಿ ಕೊನೆಯಿಂದ ಮೇ, ಅದೂ ಬೆಳಗ್ಗೆ 10ರಿಂದ 1. ಜೀರುಂಡೆ ಸದ್ದು ತೆಗೆಯೋಕೆ ಮೂರು ವಾರ ಸಾಫ್ಟ್‌ವೇರ್ ಜೊತೆ ಗುದ್ದಾಡಿದೆ. ಜೀರುಂಡೆ ಹೋಯಿತು, ಜೊತೆಗೆ ಅಜ್ಜನ ಉಸಿರೂ ಹೋಯಿತು. ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳಿತು. ಈಗ ಮೂಲ ಫೈಲಿಗೆ ಕೈ ಹಾಕೋದೇ ಇಲ್ಲ. 48 ಕಿಲೋಹರ್ಟ್ಸ್, 24 ಬಿಟ್, ಮೊನೊ ವೇವ್. ಗಂಟೆಗೆ ಅರ್ಧ ಜಿಬಿಗಿಂತ ಸ್ವಲ್ಪ ಜಾಸ್ತಿ ಆಗುತ್ತೆ, ಅಷ್ಟೇ ತಾನೆ. ಕೇಳಿಸೋ ಪ್ರತಿ ಬೇರೆ.

ಹೊಟ್ಟೆ ಉರಿಯೋ ಮಾತು ಒಂದಿದೆ. ಎರಡನೇ ವರ್ಷ ಆರು ಜನರ ರೆಕಾರ್ಡಿಂಗ್ ಒಂದೇ ಕಾರ್ಡಿನಲ್ಲಿತ್ತು. ನಕಲು ಆಗಿದೆ ಅಂದುಕೊಂಡು ಫಾರ್ಮ್ಯಾಟ್ ಒತ್ತಿದೆ. ನಕಲು ಅರ್ಧಕ್ಕೇ ನಿಂತಿತ್ತು. ನಾಲ್ಕು ಜನ ಮತ್ತೆ ಮಾತಾಡಿದರು, ಒಬ್ಬರು ಬೈದು ಕಳಿಸಿದರು, ಇನ್ನೊಬ್ಬರು ಅಷ್ಟರಲ್ಲಿ ತೀರಿಹೋಗಿದ್ದರು. ಅವರ ಮಗನಿಗೆ ಹೇಗೆ ಹೇಳಿದೆ ಅನ್ನೋದನ್ನು ಇಲ್ಲಿ ಬರೆಯಲಾರೆ. ಆಮೇಲೆ ಮೂರು ಪ್ರತಿ ಮಾಡೋವರೆಗೆ, ಮೂರಕ್ಕೂ ಚೆಕ್‌ಸಮ್ (ನಕಲು ಮೂಲದಂತೆಯೇ ಇದೆಯಾ ಅಂತ ತೋರಿಸೋ ಸಂಖ್ಯೆ) ತಾಳೆ ನೋಡೋವರೆಗೆ ಕಾರ್ಡ್ ಮುಟ್ಟಿಲ್ಲ. ಒಂದು ಡಿಸ್ಕ್ ಮೈಸೂರಿನಲ್ಲಿ ಅಕ್ಕನ ಮನೆಯ ಬೀರುವಿನಲ್ಲಿದೆ.

ಇನ್ನು ಬರೆದು ಇಳಿಸೋ ಕಥೆ. ಒಬ್ಬ ಟೈಪಿಸ್ಟರಿಗೆ ಮೊದಲ 15 ಗಂಟೆ ಕೊಟ್ಟೆ, ಹೆಚ್ಚುಕಡಿಮೆ 14 ಸಾವಿರ ಆಯಿತು. ನೀಟಾಗಿ ಮಾಡಿದ್ದರು, ಅದೇ ತೊಂದರೆ. ಅಜ್ಜ ‘ಹೋದ್ವು’ ಅಂದದ್ದು ‘ತೆರಳಿದೆವು’ ಆಗಿತ್ತು. ಪಲ್ಟನ್ ಹಿಂದಿಯೆಲ್ಲ, ಅಂದರೆ ಸೇನೆಯಲ್ಲಿ ಕಲಿತ ಹಿಂದಿ, ಮಾಯ. ನಡುವೆ ಕೊಡವ ತಕ್ಕ್ (ಕೊಡವರ ಭಾಷೆ) ಬಂದ ಕಡೆ ಚುಕ್ಕಿ ಚುಕ್ಕಿ. ಸರಿ, ಯಂತ್ರಕ್ಕೆ ಕೊಡೋಣ ಅಂತ ಮಾತನ್ನು ಅಕ್ಷರ ಮಾಡೋ ವಿಸ್ಪರ್ ಅನ್ನೋ ಸಾಫ್ಟ್‌ವೇರ್ ಹಾಕಿದೆ. ಶುದ್ಧ ಕನ್ನಡ ಒಂದಷ್ಟು ಹಿಡಿಯಿತು, ಕೊಡವ ತಕ್ಕ್ ಬಂದರೆ ಮಲಯಾಳವೋ ತಮಿಳೋ ಆಗಿಬಿಡುತ್ತಿತ್ತು. ಒಬ್ಬರು ಜೊತೆಗಾರನ ಸಾವು ಹೇಳುತ್ತಾ ಒಂದು ನಿಮಿಷದ ಹತ್ತಿರ ಸುಮ್ಮನಾಗಿದ್ದರು. ಆ ಮೌನದ ಜಾಗದಲ್ಲಿ ಯಂತ್ರ ‘ವೀಕ್ಷಿಸಿದ್ದಕ್ಕೆ ಧನ್ಯವಾದ’ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಮಾತಿಲ್ಲದ ಕಡೆ ಅದು ಹೀಗೆ ಕಟ್ಟಿ ಬರೆಯುತ್ತೆ ಅಂತ ಓದಿದ್ದೆ. ಕಣ್ಣಾರೆ ನೋಡಿದಾಗ ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ಆಮೇಲೆ ಹಿಡಿದದ್ದೇ ಸೂಚಿ. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಮೌಖಿಕ ಇತಿಹಾಸ ಕೇಂದ್ರ ನನ್ ಸೆಂಟರಿನವರು ಮಾಡಿದ ಓಎಚ್‌ಎಂಎಸ್ ಅಂತ ಒಂದು ಸಾಫ್ಟ್‌ವೇರ್ ಇದೆ, ದನಿಗೆ ಸೂಚಿ ಜೋಡಿಸೋಕೆ, ಪುಕ್ಕಟೆ. ಮಾತಿನ ವಿಷಯ ಬದಲಾದ ಕಡೆ ಗುರುತು ಹಾಕೋದು, ಎರಡು ಸಾಲು ಸಾರಾಂಶ, ಕೀಲಿಪದ, ಜಾಗ. ಗಂಟೆ ದನಿಗೆ ಎರಡೂವರೆ ಗಂಟೆ ಕೆಲಸ. ಬರೆದು ಇಳಿಸೋಕೆ ಹತ್ತು ಬೇಕಿತ್ತು. ಸಾರಾಂಶ ಕನ್ನಡದಲ್ಲಿ, ದನಿ ಅವರದೇ ಭಾಷೆಯಲ್ಲಿ. ಓದೋಕಲ್ಲ, ಕೇಳೋಕೆ. ಇದಕ್ಕೇ ಎಲ್ಲರೂ ನಕ್ಕಿದ್ದು. ಹಣ ಕೊಡ್ತೀವಿ ಅಂದಿದ್ದ ಒಂದು ಸಂಸ್ಥೆ ‘ಪಠ್ಯ ಇಲ್ಲದಿದ್ದರೆ ದಾಖಲೆ ಅಲ್ಲ’ ಅಂತ ಹಿಂದೆ ಸರಿಯಿತು.

ಸೂಚಿಯಲ್ಲೂ ಎಡವಟ್ಟಾಗಿದೆ. ಸಹಾಯಕ್ಕೆ ಬಂದ ಕಾಲೇಜು ಹುಡುಗಿಯೊಬ್ಬಳು ‘ಮೇಘನಾ ಎಂಬ ಮಹಿಳೆಯನ್ನು ದಾಟಿಸಿದ ಪ್ರಸಂಗ’ ಅಂತ ಬರೆದಿದ್ದಳು. ಅಜ್ಜ ಹೇಳಿದ್ದು 1971ರ ಡಿಸೆಂಬರ್ 9ರ ಮೇಘನಾ ನದಿ, ಈಗಿನ ಬಾಂಗ್ಲಾದೇಶದ್ದು. ಸೇತುವೆ ಮುರಿದಿತ್ತು, ಎಂಐ-4 ಹೆಲಿಕಾಪ್ಟರಿನಲ್ಲಿ ಸೈನಿಕರನ್ನು ದಾಟಿಸಿದ್ದು. ಪಾಪ, ಅವಳದ್ದೇನು ತಪ್ಪು. ಅವತ್ತೇ ಜಾಗದ ಹೆಸರುಗಳ ಬೇರೆ ಪಟ್ಟಿ ಮಾಡಿದೆ. ಯುದ್ಧ ನಡೆದ ಒಂದೇ ಜಾಗವನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ: ಹಿಲಿ, ಹಿಲ್ಲಿ; ಸೇಲಾ, ಸೆಲಾ ಪಾಸು; ವಾಲಾಂಗ್, ಓಲಾಂಗು. ದನಿಯ ಹೋಲಿಕೆ ನೋಡಿ ಇವನ್ನು ಒಂದೇ ಅಂತ ಹಿಡಿಯೋ ಚಿಕ್ಕ ಸ್ಕ್ರಿಪ್ಟ್ ಇದೆ. ಅದು ತುಂಬೋ ಕಾಲಮ್ಮನ್ನೇ ನಾನು ಕೊಡದೆ ಇಟ್ಟುಕೊಂಡಿದ್ದು.

ನಕ್ಕವರ ಬಾಯಿ ಮುಚ್ಚಿಸಿದ್ದು ಮಾತ್ರ ಒಂದು ಹೇಸರಗತ್ತೆ. ನಾನು ಪ್ರಾಣಿಗಳಿಗೂ ಕೀಲಿಪದ ಹಾಕುತ್ತಿದ್ದೆ. ಅದಕ್ಕೂ ನಕ್ಕಿದ್ದರು. 1962ರ ನವೆಂಬರ್‌ನಲ್ಲಿ ಬೊಮ್ಡಿಲಾ ಕೈತಪ್ಪಿದ ಮೇಲೆ ಕಾಡಿನೊಳಗೆ ಬಯಲಿನ ಕಡೆ ಇಳಿದವರಲ್ಲಿ ಇಬ್ಬರು ನಮ್ಮಲ್ಲಿದ್ದಾರೆ. 21ಕ್ಕೆ ಕದನವಿರಾಮ ಆಗಿದ್ದು ಇಬ್ಬರಿಗೂ ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಸೋಮವಾರಪೇಟೆ ಕಡೆಯವರು ‘ಒಂದು ಕಿವಿ ಇಲ್ಲದ ಖಚ್ಚರ್ ನಮ್ಮ ಹಿಂದೆಯೇ ಬಂತು’ ಅಂದಿದ್ದರು. ವಿರಾಜಪೇಟೆ ಕಡೆಯವರು ಎರಡು ವರ್ಷದ ಮೇಲೆ ಕಿವಿ ಹರಿದ ‘ಮ್ಯೂಲ್’ ಬಗ್ಗೆ ಹೇಳಿದರು. ಪೂರ್ತಿ ಬರೆದು ಹುಡುಕಿದ್ದರೂ ಒಂದು ಕಡೆ ಖಚ್ಚರ್, ಒಂದು ಕಡೆ ಮ್ಯೂಲ್, ಸೇರುತ್ತಲೇ ಇರಲಿಲ್ಲ. ನನ್ನ ಸೂಚಿಯಲ್ಲಿ ಎರಡೂ ‘ಹೇಸರಗತ್ತೆ’. ಪಲ್ಟನ್ ಬೇರೆ ಬೇರೆ, ಮುಖ ನೋಡಿದವರಲ್ಲ. ಫೋನಿನಲ್ಲಿ ಸೇರಿಸಿದೆ. ‘ಅದರ ಬೆನ್ನ ಮೇಲೆ ಏನಿತ್ತು?’ ಅಂತ ಒಬ್ಬರು ಕೇಳಿದರು. ‘ರೇಡಿಯೋ ಪೆಟ್ಟಿಗೆ, ಖಾಲಿ’ ಅಂದರು ಇನ್ನೊಬ್ಬರು. ಆಮೇಲೆ 40 ನಿಮಿಷ ನಾನು ಬಾಯೇ ಬಿಡಲಿಲ್ಲ. ನಾನು ಮಾಡಿದ ಅತ್ಯುತ್ತಮ ರೆಕಾರ್ಡಿಂಗ್ ಅದು, ಫೋನ್ ದನಿ ಆದರೂ.

ಮಾತಿಗೆ ಎಳೆಯೋದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಯುದ್ಧದ ಬಗ್ಗೆ ಕೇಳಲ್ಲ, ಟ್ರಂಕು ತೆಗೆಸುತ್ತೇನೆ. ಡಿಸ್ಚಾರ್ಜ್ ಬುಕ್ಕು, ಬೂಟು, ಫೋಟೋ, ಒಂದೊಂದೇ. ಮೊದಲ ಅರ್ಧ ಗಂಟೆ ಪಿಂಚಣಿ ಬಾಕಿ ಬಗ್ಗೆ ಬಯ್ಗುಳ ಇರುತ್ತೆ, ನನ್ನನ್ನು ಸೈನಿಕ ಕಲ್ಯಾಣ ಇಲಾಖೆಯ ಕಡೆಯವನು ಅಂದುಕೊಳ್ಳುತ್ತಾರೆ. ತಡೆಯಬೇಡಿ, ಅದೂ ಇರಲಿ. ಟ್ರಂಕು ಮುಚ್ಚೋ ಮುಂಚೆ ಕೇಳೋ ಒಂದು ಪ್ರಶ್ನೆ ಇದೆ, ಅದನ್ನು ಮಾತ್ರ ಹೇಳಲ್ಲ. ಎಲ್ಲರೂ ಕೇಳೋಕೆ ಶುರು ಮಾಡಿದರೆ ಉತ್ತರ ಬಾಯಿಪಾಠ ಆಗುತ್ತೆ.

ಒಪ್ಪಿಗೆ ಪತ್ರಕ್ಕೆ ಮೂರು ಖಾನೆ ಮಾಡಿದ್ದೇನೆ: ಈಗಲೇ ಎಲ್ಲರಿಗೂ, ಮಾತಾಡಿದವರು ತೀರಿಹೋದ ನಂತರ, ಮನೆಯವರಿಗೆ ಮಾತ್ರ. ಮೊದಲು ಒಂದೇ ಸಹಿ ಇತ್ತು. ಒಬ್ಬರು ಜೊತೆಗಾರ ಹೆದರಿ ಓಡಿದ್ದನ್ನು ಹೆಸರು ಹಿಡಿದು ಹೇಳಿಬಿಟ್ಟಿದ್ದರು. ಓಡಿದವರ ಮೊಮ್ಮಗ ಪಕ್ಕದ ಊರಿನವನು, ಮನೆಗೇ ಬಂದ. ಅದನ್ನು ಅಳಿಸಿಲ್ಲ, ಮುಚ್ಚಿಟ್ಟಿದ್ದೇನೆ. ಸೂಚಿಯಲ್ಲಿ ಆ ಜಾಗ ಖಾಲಿ ಸಾಲು.

ಒಟ್ಟು ಖರ್ಚು ನಾಲ್ಕು ವರ್ಷಕ್ಕೆ ಒಂದು ಲಕ್ಷ ಎಂಬತ್ತು ಸಾವಿರ ಇರಬಹುದು. ಅರ್ಧ ಪೆಟ್ರೋಲಿಗೇ ಹೋಗಿದೆ. 54ನೇಯವರು ಶನಿವಾರಸಂತೆ ಹತ್ತಿರ ಇದ್ದಾರೆ, ವಯಸ್ಸು 88, ಶೀಟಿನ ಮನೆ. ಮಳೆ ಹಿಡಿದಿದೆ. ಈ ಸಲ ಕಾಯೋದಿಲ್ಲ, ಕಾರಿನಲ್ಲೇ ಕೂರಿಸಿ ಗಾಜು ಏರಿಸಿ ರೆಕಾರ್ಡ್ ಮಾಡೋಣ ಅಂತಿದ್ದೇನೆ. ಅಜ್ಜಿ ಹಿಂದಿನ ಸೀಟಿನಲ್ಲಿ.