ತೊಗರಿ ಮಾರದೇ ತೊಗರಿಯಿಂದ ದುಡ್ಡು: ನನ್ನ ಅನುಭವ

ರಾಶಿ ಮುಗಿದ ವಾರವೇ ಗಂಜ್‌ಗೆ, ಅಂದರೆ ಎಪಿಎಂಸಿ ಮಾರುಕಟ್ಟೆಗೆ, ಹಾಕದಿದ್ದರೆ ತೊಗರಿಗೆ ಹುಳ ಬೀಳುತ್ತದೆ, ಗೋದಾಮಿನ ರಸೀದಿಗೆ ಬ್ಯಾಂಕಿನವರು ದುಡ್ಡು ಕೊಡುವುದಿಲ್ಲ ಎಂದು ರಾಯಚೂರಿನ ಅಡತಿ ಅಂಗಡಿಗಳಲ್ಲಿ ಎಲ್ಲರೂ ಹೇಳಿದ್ದರು. ಆದರೂ ತೊಗರಿಯನ್ನು ಗೋದಾಮಿನಲ್ಲಿಟ್ಟು, ಅದರ ರಸೀದಿಯನ್ನು ಬ್ಯಾಂಕಿನಲ್ಲಿ ಅಡವಿಟ್ಟೆ. ಹುಳ ಬೀಳಲಿಲ್ಲ, ಸಾಲ ಸಿಕ್ಕಿತು, ಬೀಜ ಗೊಬ್ಬರದ ಉದ್ರಿ ತೀರಿತು. ಮಾಲು ಮಾತ್ರ ನನ್ನ ಹೆಸರಿನಲ್ಲೇ ಉಳಿಯಿತು.

ಗೋದಾಮು ಡಬ್ಲ್ಯುಡಿಆರ್‌ಎ (ಕೇಂದ್ರ ಸರ್ಕಾರದ ಗೋದಾಮು ನಿಯಂತ್ರಣ ಪ್ರಾಧಿಕಾರ) ನೋಂದಣಿಯದ್ದೇ ಆಗಿರಬೇಕು. ಖಾಸಗಿ ಗೋದಾಮಿನ ಕೈಬರಹದ ಚೀಟಿ ಬ್ಯಾಂಕಿನಲ್ಲಿ ನಡೆಯುವುದಿಲ್ಲ. ಎಷ್ಟೋ ಜನ ಇಲ್ಲೇ ಸೋತು ಕೈಬಿಟ್ಟಿದ್ದಾರೆ. ಬೇಕಾದದ್ದು ಎಲೆಕ್ಟ್ರಾನಿಕ್ ರಸೀದಿ, ಅಂದರೆ ಇ-ಎನ್‌ಡಬ್ಲ್ಯುಆರ್. ಆಧಾರ್, ಪಾಸ್‌ಬುಕ್ಕು, ರಸೀದಿ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಇರಲಿ.

ಎಲ್ಲಕ್ಕಿಂತ ದೊಡ್ಡ ಕೆಲಸ ಒಣಗಿಸುವುದು. ತೇವಾಂಶ 12% ಇದ್ದರೆ ಮಾರಾಟಕ್ಕೆ ನಡೆಯುತ್ತದೆ, ಇಡುವುದಕ್ಕೆ 10%ಕ್ಕೆ ಇಳಿಸಲೇಬೇಕು. ತಾಡಪಾಲಿನ ಮೇಲೆ ಎರಡು ಬೆರಳು ದಪ್ಪ ಹರವಿ, ಎರಡು ಮೂರು ಬಿಸಿಲು ಕೊಟ್ಟು, ತಾಸಿಗೊಮ್ಮೆ ಕೈಯಾಡಿಸಿ. ಸಂಜೆ ಕಾಳು ಪೂರ್ತಿ ಆರಿದ ಮೇಲೆಯೇ ಚೀಲಕ್ಕೆ ತುಂಬಿ. ಬಿಸಿ ಕಾಳು ತುಂಬಿದರೆ ಒಳಗೆ ಬೆವರಿ, ಚೀಲದ ಬಾಯಿಯ ಹತ್ತಿರ ಬೂಸ್ಟು ಹಿಡಿಯುತ್ತದೆ. ಹಲ್ಲಿಗೆ ಕಾಳು ಕಟ್ಟೆಂದು ಒಡೆಯಬೇಕು, ಚಪ್ಪಟೆಯಾದರೆ ಇನ್ನೊಂದು ಬಿಸಿಲು ಬೇಕು. ಹುಳದ ಮೊಟ್ಟೆ ಹೊಲದಿಂದಲೇ ಬಂದಿರುತ್ತದೆ, ಕಾಳಿನ ಮೇಲೆ ಸಣ್ಣ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಹಳೇ ಚೀಲದಿಂದಲೂ ಬರುತ್ತದೆ. ಅದಕ್ಕೇ ಹೊಸ ಚೀಲ. ಹುಳ ಸಾಯಲು ವಿಷದ ಗುಳಿಗೆ ಇಟ್ಟು ಹೊಗೆ ಹಾಕುವುದು ಗೋದಾಮಿನವರ ಕೆಲಸ. ಆ ಗುಳಿಗೆ ಮನೆಯಲ್ಲಿ ಮುಟ್ಟಲೇಬೇಡಿ, ಜೀವ ತೆಗೆಯುತ್ತದೆ.

ಈಗ ದುಡ್ಡು. 40 ಕ್ವಿಂಟಲ್, 80 ಚೀಲ. ಆಗ ದರ ಕ್ವಿಂಟಲಿಗೆ 7,000ದ ಆಸುಪಾಸಿತ್ತು, 70% ಸಾಲ ಅಂದರೆ 1.96 ಲಕ್ಷ. ನಾಲ್ಕು ತಿಂಗಳಿಗೆ ವರ್ಷಕ್ಕೆ 9%ರಂತೆ ಬಡ್ಡಿ ಆರು ಸಾವಿರ, ಬಾಡಿಗೆ ಚೀಲಕ್ಕೆ ತಿಂಗಳಿಗೆ ಹತ್ತು ರೂಪಾಯಿಯಂತೆ 3,200, ಹಮಾಲಿ ಮತ್ತು ಪರೀಕ್ಷೆಗೆ ಮೂರು ಸಾವಿರ. ಕ್ವಿಂಟಲಿಗೆ 300 ಬಿತ್ತು. ಒಣಗಿ ಕಳೆದ ಎರಡು ಕಿಲೋ ಚಿಲ್ಲರೆಗೆ 150 ಸೇರಿಸಿ. ಅಂದರೆ ದರ 450 ಏರಿದ ಮೇಲೆಯೇ ಲಾಭ. ಕೆಸಿಸಿ (ಕಿಸಾನ್ ಕ್ರೆಡಿಟ್ ಕಾರ್ಡ್) ಇರುವ ಸಣ್ಣ ರೈತರಿಗೆ ಆರು ತಿಂಗಳವರೆಗೆ 7% ಬಡ್ಡಿಯ ಸೌಲಭ್ಯ ಇದೆ, ಕೇಳಿ ಪಡೆಯಿರಿ.

ಸೋನಾ ಮಸೂರಿ ಭತ್ತವನ್ನೂ ಹೀಗೇ ಇಟ್ಟು ನೋಡಿದ್ದಾಯಿತು. ಹಳೇ ಅಕ್ಕಿಗೆ ಬೆಲೆ ಹೆಚ್ಚೆಂಬುದು ನಿಜ, ಆದರೆ ಅಷ್ಟೇ ದುಡ್ಡಿನ ತೊಗರಿಗಿಂತ ಜಾಗ ಬಹಳ ಬೇಕು, ಬಾಡಿಗೆಯೇ ತಿನ್ನುತ್ತದೆ.

ಅದೇ ದಿನ ದುಡ್ಡು ಬೇಕೆಂದರೆ ಬಂಗಾರ ಅಡವಿಡುವುದೇ ದಾರಿ. 2026ರ ಏಪ್ರಿಲ್‌ನಿಂದ 2.5 ಲಕ್ಷದೊಳಗಿನ ಸಾಲಕ್ಕೆ ಮೌಲ್ಯದ 85%ವರೆಗೆ ಮಿತಿ, ಒಮ್ಮೆಲೇ ತೀರಿಸುವ ಸಾಲವಾದರೆ ಬಡ್ಡಿಯೂ ಅದರೊಳಗೇ. ಹರಳಿನ ತೂಕಕ್ಕೆ ಏನೂ ಸಿಗುವುದಿಲ್ಲ.

ಎಂಬತ್ತೂ ಚೀಲಕ್ಕೆ ಒಂದೇ ರಸೀದಿ ಮಾಡಿಸಬೇಡಿ. ಇಪ್ಪತ್ತು ಇಪ್ಪತ್ತರ ಲಾಟ್ ಮಾಡಿದರೆ ಒಂದನ್ನು ಬಿಡಿಸಿ ಮಾರಿ, ಉಳಿದದ್ದನ್ನು ಕಾಯಿಸಬಹುದು. ಮೊದಲು ಯಾವ ಲಾಟ್ ಬಿಡಿಸಬೇಕು, ಯಾವ ವಾರ ಬಿಡಿಸಬೇಕು ಎಂಬ ಲೆಕ್ಕ ಸದ್ಯ ನನ್ನ ಹತ್ತಿರವೇ ಇರಲಿ. ದರ ಬಿದ್ದರೆ ಬ್ಯಾಂಕಿನವರು ಕೊರತೆ ತುಂಬಿ ಎನ್ನುತ್ತಾರೆ. ಅದಕ್ಕೆ ಸಾಲದ ದುಡ್ಡಿನಲ್ಲೇ ಇಪ್ಪತ್ತು ಸಾವಿರ ಖಾತೆಯಲ್ಲಿ ಬಿಟ್ಟಿರಿ.