ಸಂಶಯದ ದಿನಗಳಲ್ಲಿ ಪ್ರಾರ್ಥಿಸುವುದು ಹೇಗೆ, ನಿರ್ಧರಿಸುವುದು ಹೇಗೆ

ಬೇಳ, ಮಂಜೇಶ್ವರ ಮೊದಲಾದ ನಮ್ಮ ಕಾಸರಗೋಡು ಗಡಿನಾಡಿನ ಕಥೋಲಿಕ ಧರ್ಮಕೇಂದ್ರಗಳಲ್ಲಿ ಬೆಳೆದ ಅನೇಕ ಯುವಜನರು, ಕಾಲೇಜಿಗೋ ಗಲ್ಫಿನ ಕೆಲಸಕ್ಕೋ ಹೊರಟುನಿಂತ ಹೊತ್ತಿನಲ್ಲಿ, ತಮ್ಮ ವಿಶ್ವಾಸ ಮೊದಲಿನಂತೆ ಉಳಿದಿಲ್ಲವೆಂದು ಒಳಗೊಳಗೇ ಹೆದರುತ್ತಾರೆ. ಮನೆಯವರು ನೊಂದುಕೊಂಡಾರೆಂದು ಯಾರಿಗೂ ಹೇಳುವುದಿಲ್ಲ. ಸಂಶಯಕ್ಕಿಂತಲೂ ಈ ಮೌನವೇ ಹೆಚ್ಚು ಹಾನಿ ಮಾಡುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ನಿಮ್ಮ ಸಂಶಯವನ್ನು ಒಂದೇ ವಾಕ್ಯದಲ್ಲಿ ಕಾಗದದ ಮೇಲೆ ಬರೆಯಿರಿ. ಬರೆದಾಗ ಅದು ಯಾವ ಬಗೆಯದೆಂದು ತಿಳಿಯುತ್ತದೆ. ಬೈಬಲಿನ ಸೃಷ್ಟಿಕಥನಕ್ಕೂ ವಿಜ್ಞಾನಕ್ಕೂ ಇರುವ ಸಂಬಂಧದಂಥ ಬೌದ್ಧಿಕ ಪ್ರಶ್ನೆಯಾದರೆ ಅದಕ್ಕೆ ಬೇಕಾದುದು ಓದು ಮತ್ತು ಬಲ್ಲವರೊಡನೆ ಚರ್ಚೆ. ಅಂಥ ಪ್ರಶ್ನೆಯನ್ನು ಪಾಪವೆಂದು ತಿಳಿದು ಅದುಮಿಡಬೇಕಾಗಿಲ್ಲ. ಆದರೆ ತಾಯಿ ತೀರಿಕೊಂಡ ಮೇಲೆ ಅಥವಾ ವರ್ಷಗಟ್ಟಲೆ ಬೇಡಿದ್ದು ದೊರೆಯದೆ ಹೋದಾಗ ಹುಟ್ಟಿದ ಸಂಶಯಕ್ಕೆ ವಾದದಿಂದ ಸಮಾಧಾನವಿಲ್ಲ. ಅದಕ್ಕೆ ದುಃಖಿಸಲು ಅವಕಾಶ ಬೇಕು. ಇನ್ನು ಕೆಲವೊಮ್ಮೆ ಸಂಶಯವೆಂದು ತೋರುವುದು ಬರಿಯ ಬಳಲಿಕೆಯಾಗಿರುತ್ತದೆ. ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯದಲ್ಲಿ ಸಾವನ್ನೇ ಬೇಡಿಕೊಂಡು ಮಲಗಿದ ಪ್ರವಾದಿ ಎಲೀಯನಿಗೆ ದೇವದೂತನು ಮೊದಲು ಉಪದೇಶ ಮಾಡಲಿಲ್ಲ, ರೊಟ್ಟಿ ಮತ್ತು ನೀರು ಕೊಟ್ಟನು. ಎಲೀಯನು ಉಂಡು ಪುನಃ ನಿದ್ರಿಸಿದನು. ನಿದ್ರೆ ಕೆಟ್ಟು, ಊಟ ಸೇರದೆ, ಬದುಕೇ ಬೇಡವೆಂಬ ಯೋಚನೆ ಬರುತ್ತಿದ್ದರೆ ಧರ್ಮಗುರುಗಳೊಂದಿಗೆ ವೈದ್ಯರನ್ನೂ ತಡಮಾಡದೆ ಕಾಣಬೇಕು. ಇದು ವಿಶ್ವಾಸದ ಕೊರತೆಯಲ್ಲ.

ಸಂಶಯವಿರುವಾಗ ಪ್ರಾರ್ಥಿಸುವುದು ಕಪಟವಾಗುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ಮಾರ್ಕನ ಶುಭಸಂದೇಶದ 9ನೆಯ ಅಧ್ಯಾಯದಲ್ಲಿ ರೋಗಿ ಮಗನ ತಂದೆಯು ತಾನು ನಂಬುವುದಾಗಿಯೂ ತನ್ನ ಅಪನಂಬಿಕೆಯನ್ನು ನೀಗಿಸಬೇಕೆಂದೂ ಒಂದೇ ಉಸಿರಿನಲ್ಲಿ ಕೂಗಿ ಹೇಳಿದನು. ಯೇಸು ಅವನನ್ನು ಗದರಿಸದೆ ಮಗನನ್ನು ಗುಣಪಡಿಸಿದರು. ಆದುದರಿಂದ ಇಲ್ಲದ ಉತ್ಸಾಹವನ್ನು ನಟಿಸದೆ, ಇದ್ದುದನ್ನು ಇದ್ದಂತೆ ಹೇಳಿ. ಮಾತು ಹೊರಡದಿದ್ದರೆ ಬೈಬಲಿನ 13ನೆಯ ಕೀರ್ತನೆಯನ್ನು ನಿಧಾನವಾಗಿ ಓದಿ. ಅದು ‘ಎಷ್ಟರವರೆಗೆ’ ಎಂಬ ಪ್ರಶ್ನೆಯಿಂದಲೇ ಆರಂಭವಾಗುತ್ತದೆ. 88ನೆಯ ಕೀರ್ತನೆಯಂತೂ ಕತ್ತಲೆಯಲ್ಲಿಯೇ ಮುಗಿಯುತ್ತದೆ, ಆದರೂ ಧರ್ಮಸಭೆ ಅದನ್ನು ಪ್ರಾರ್ಥನೆಯಾಗಿ ಉಳಿಸಿಕೊಂಡಿದೆ. ಮನೆಯಲ್ಲಿ ಕೊಂಕಣಿ, ವಾಚನಕ್ಕೆ ಕನ್ನಡ, ಹೊರಗೆ ಮಲಯಾಳ ಎಂಬಂತೆ ಬದುಕುವ ನಾವು, ಇಂಥ ದಿನಗಳಲ್ಲಿ ಯಾವ ಭಾಷೆಯಲ್ಲಿ ಅಳು ಬರುತ್ತದೆಯೋ ಆ ಭಾಷೆಯಲ್ಲಿಯೇ ದೇವರೊಡನೆ ಮಾತಾಡುವುದು ಒಳ್ಳೆಯದು. ಬೇಳದ ದೇವಾಲಯವು ವ್ಯಾಕುಲ ಮಾತೆಗೆ, ಎಂದರೆ ಮಗನಿಗಾಗಿ ದುಃಖಿಸುವ ಮರಿಯಮ್ಮನವರಿಗೆ, ಅರ್ಪಿತವಾದುದು. ಬಲಿಪೂಜೆ (ಮಾಸ್) ಇಲ್ಲದ ಹೊತ್ತಿನಲ್ಲಿ ಅಲ್ಲಿ ಏನೂ ಹೇಳದೆ ಸ್ವಲ್ಪ ಕುಳಿತುಬರುವುದೂ ಪ್ರಾರ್ಥನೆಯೇ.

ಮುಂದಿನ ದಾರಿಯ ವಿಚಾರದಲ್ಲಿ ಯೇಸುಸಭೆಯ (ಜೆಸ್ವಿಟ್ ಗುರುಗಳ ಸಂಸ್ಥೆಯ) ಸ್ಥಾಪಕರಾದ ಸಂತ ಇಗ್ನೇಷಿಯಸ್ ಲೊಯೋಲರಷ್ಟು ಸ್ಪಷ್ಟವಾಗಿ ಕಲಿಸಿದವರು ಕಡಿಮೆ. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಯುದ್ಧದಲ್ಲಿ ಕಾಲಿಗೆ ಗುಂಡು ತಗಲಿ ಹಾಸಿಗೆ ಹಿಡಿದಿದ್ದಾಗ ಅವರು ತಮ್ಮ ಮನಸ್ಸನ್ನೇ ಗಮನಿಸಿದರು: ವೀರಯೋಧನ ಕೀರ್ತಿಯ ಕನಸು ಕಾಣುವಷ್ಟು ಹೊತ್ತು ಸುಖವಿದ್ದರೂ ಅನಂತರ ಮನಸ್ಸು ಒಣಗಿಹೋಗುತ್ತಿತ್ತು; ಸಂತರಂತೆ ಬದುಕುವ ಯೋಚನೆಯ ನೆಮ್ಮದಿಯಾದರೋ ಬಹಳ ಹೊತ್ತು ಉಳಿಯುತ್ತಿತ್ತು. ಈ ಅನುಭವದಿಂದ ಬೆಳೆದ ಅವರ ನಿಯಮಗಳಲ್ಲಿ ನಮಗೆ ತೀರ ಅಗತ್ಯವಾದುದು ಒಂದಿದೆ: ಮನಸ್ಸು ಶುಷ್ಕವಾಗಿ ಕದಡಿರುವಾಗ, ಹಿಂದೆ ಶಾಂತಚಿತ್ತದಿಂದ ಮಾಡಿದ ನಿರ್ಧಾರವನ್ನು ಬದಲಾಯಿಸಬಾರದು. ಪೂಜೆಗೆ ಹೋಗುವುದನ್ನು ನಿಲ್ಲಿಸುವುದು, ಗುರುದೀಕ್ಷೆಗಾಗಿ ಕಲಿಯುವ ಗುರುಮಠವನ್ನು ಬಿಡುವುದು, ನಿಶ್ಚಯವಾದ ಮದುವೆಯನ್ನು ಮುರಿಯುವುದು, ಇವನ್ನೆಲ್ಲ ಸಂಶಯದ ಬಿಸಿಯಲ್ಲಿ ಮಾಡಬೇಡಿ. ಅಪಾಯ ಅಥವಾ ದೌರ್ಜನ್ಯವಿರುವ ಸ್ಥಳದಿಂದ ಹೊರಬರುವುದು ಬೇರೆಯೇ ಮಾತು, ಅದಕ್ಕೆ ಕಾಯಬೇಕಾಗಿಲ್ಲ.

ಗಲ್ಫಿಗೆ ಹೋಗಬೇಕೋ ಊರಿನಲ್ಲಿದ್ದು ತೋಟ ನೋಡಿಕೊಳ್ಳಬೇಕೋ ಎಂಬಂಥ ಪ್ರಶ್ನೆಯಿದ್ದರೆ, ಎರಡರಲ್ಲಿಯೂ ಪಾಪವಿಲ್ಲವೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಕೆಲವು ದಿನ ಹೋಗುವುದೇ ನಿಶ್ಚಯವೆಂದು ಭಾವಿಸಿ, ಮತ್ತೆ ಕೆಲವು ದಿನ ಉಳಿಯುವುದೇ ನಿಶ್ಚಯವೆಂದು ಭಾವಿಸಿ ದಿನಚರಿ ನಡೆಸಿ. ಪ್ರತಿರಾತ್ರಿ ಮಲಗುವ ಮೊದಲು ಕೃತಜ್ಞತೆ ಸಲ್ಲಿಸಿ, ಆ ದಿನ ಯಾವುದು ಪ್ರೀತಿಯನ್ನೂ ಧೈರ್ಯವನ್ನೂ ಹೆಚ್ಚಿಸಿತು, ಯಾವುದು ಸಂಕುಚಿತಗೊಳಿಸಿತು ಎಂದು ಎರಡು ಸಾಲು ಬರೆಯಿರಿ. ಇಗ್ನೇಷಿಯಸರೇ ಸೂಚಿಸಿದ ಇನ್ನೊಂದು ಮಾರ್ಗವೂ ಇದೆ: ನೀವು ಹಿಂದೆಂದೂ ಕಾಣದ ವ್ಯಕ್ತಿಯೊಬ್ಬರು ಇದೇ ಪ್ರಶ್ನೆಯೊಂದಿಗೆ ಬಂದರೆ ಅವರಿಗೆ ಏನು ಸಲಹೆ ಕೊಡುತ್ತಿದ್ದಿರಿ? ಬೈಬಲನ್ನು ಕಣ್ಣುಮುಚ್ಚಿ ತೆರೆದು, ಬೆರಳಿಟ್ಟ ವಚನವನ್ನು ದೇವರ ಆಜ್ಞೆಯೆಂದು ತಿಳಿಯುವ ರೂಢಿಯನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ.

ಈ ಟಿಪ್ಪಣಿಗಳನ್ನು ಒಬ್ಬರಿಗಾದರೂ ತೋರಿಸಿ. ಭಾನುವಾರದ ಪೂಜೆಯ ನಂತರದ ಗದ್ದಲದಲ್ಲಿಯೂ ಪಾಪನಿವೇದನೆಯ ಸಾಲಿನಲ್ಲಿಯೂ ಇದು ಸಾಧ್ಯವಾಗದು. ಧರ್ಮಗುರುಗಳಿಗೆ ಫೋನ್ ಮಾಡಿ, ಬೇರೆ ದಿನ ಒಂದು ಗಂಟೆ ಕೇಳಿಕೊಳ್ಳಿ. ಊರಿನಲ್ಲಿ ಹೇಳಿಕೊಳ್ಳಲು ಸಂಕೋಚವಾದರೆ ಮಂಗಳೂರಿನಲ್ಲಿ ಯೇಸುಸಭೆಯವರು ನಡೆಸುವ ಫಾತಿಮಾ ಧ್ಯಾನಮಂದಿರವಿದೆ. ಕೇಳಿಸಿಕೊಳ್ಳದೆ ತೀರ್ಪು ಹೇಳುವವರು ಸಿಕ್ಕಿದರೆ ಬೇರೆಯವರನ್ನು ಹುಡುಕಿ. ನಿರ್ಧಾರ ಮಾಡಿದ ಮೇಲೆ ಅದನ್ನು ಬಲಿಪೂಜೆಯಲ್ಲಿ ಅರ್ಪಿಸಿ, ಸಾಧ್ಯವಿದ್ದರೆ ಟಿಕೆಟ್ ಮಾಡುವ ಮೊದಲು ಕೆಲವು ವಾರ ಕಾಯಿರಿ. ಮನಸ್ಸಿನ ಶಾಂತಿ ಉಳಿಯದೆ ಹೋದರೆ ಅದೇ ಟಿಪ್ಪಣಿಗಳೊಂದಿಗೆ ಮಾರ್ಗದರ್ಶಕರ ಬಳಿಗೆ ಮತ್ತೊಮ್ಮೆ ಹೋಗಿ.