ಕಲಾದಗಿ ಮಡಿಕೆಗಳಲ್ಲಿ ಎಣ್ಣೆ ಶೋಧದ ಪಾಠ: ಡಿಪ್ ಅಳತೆಯಿಂದ ಬಾವಿಯ ಜಾಗದವರೆಗೆ

ಬಾಗಲಕೋಟೆ, ಲೋಕಾಪುರ, ಸಿಮಿಕೇರಿ ಸುತ್ತಲಿನ ಕಲಾದಗಿ ಕಲ್ಲು ನೂರು ಕೋಟಿ ವರ್ಷಕ್ಕಿಂತ ಹಳೆಯದು. ಮರಳು ಬೆಸೆದು ಕ್ವಾರ್ಟ್‌ಝೈಟ್ ಆಗಿದೆ, ಎಣ್ಣೆ ನಿಲ್ಲುವಷ್ಟು ರಂಧ್ರ ಉಳಿದಿಲ್ಲ. ಆದರೆ ಅಸ್ಸಾಮಿನ ಎಣ್ಣೆಕ್ಷೇತ್ರ ಡಿಗ್‌ಬೋಯ್‌ನಲ್ಲಿ ಕಾಡು ಮುಚ್ಚಿರುವ ರಚನೆಯಂಥದ್ದು ಇಲ್ಲಿ ಬೋಳು ಗುಡ್ಡಗಳಲ್ಲಿ ಬಿಚ್ಚಿ ಬಿದ್ದಿದೆ. ಮಡಿಕೆ ಬಿದ್ದ, ಅಂದರೆ ಕಲ್ಲಿನ ಪದರಗಳು ಒತ್ತಡಕ್ಕೆ ಬಾಗಿದ ಪ್ರದೇಶದಲ್ಲಿ ಬಾವಿಯ ಜಾಗ ಗುರುತಿಸುವುದನ್ನು ಭೂವಿಜ್ಞಾನ ಓದುವವರು ಇಲ್ಲೇ ಕಲಿಯಬಹುದು.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ, ದಿಕ್ಕು, ಓರೆ ಎರಡನ್ನೂ ಅಳೆಯುವ ಬ್ರಂಟನ್ ಅಥವಾ ಕ್ಲೈನೋಮೀಟರ್ ಕಂಪಾಸ್, 10 ಪಟ್ಟಿನ ಲೆನ್ಸ್, ಸುತ್ತಿಗೆ, 10% ಹೈಡ್ರೋಕ್ಲೋರಿಕ್ ಆಮ್ಲದ ಪುಟ್ಟ ಬಾಟಲಿ ಸಾಕು. ಇಲ್ಲಿನ ಮಡಿಕೆಗಳು ಹೆಚ್ಚುಕಡಿಮೆ ಪೂರ್ವ-ಪಶ್ಚಿಮವಾಗಿ ಹಬ್ಬಿವೆ; ಹಾಗಾಗಿ ನಡೆಯುವ ಗೆರೆಯನ್ನು ಉತ್ತರ-ದಕ್ಷಿಣವಾಗಿ ಹಾಕಿಕೊಳ್ಳಿ. ಎರೆಹೊಲದ ಬದುವಿನಲ್ಲಿ ಒಟ್ಟಿದ ಕಲ್ಲಿನ ಡಿಪ್ (ಪದರ ಮಟ್ಟದಿಂದ ಎಷ್ಟು ಕೋನದಲ್ಲಿ ಇಳಿದಿದೆ ಎಂಬುದು) ಅಳೆಯಬೇಡಿ, ಅದನ್ನು ಯಾರೋ ಎತ್ತಿ ತಂದಿಟ್ಟಿದ್ದಾರೆ. ಅಂಥ ಕಡೆ ತೆರೆದ ಬಾವಿಯ ಗೋಡೆ, ಹಳ್ಳದ ದಂಡೆ, ಕಲ್ಲಿನ ಖಣಿ ನೋಡಿ. ಖಣಿಗೆ ಇಳಿಯುವ ಮುನ್ನ ಮಾಲೀಕರ ಒಪ್ಪಿಗೆ ಪಡೆದು, ಸಿಡಿಮದ್ದು ಹಾರಿಸುವ ಹೊತ್ತು ಕೇಳಿಕೊಳ್ಳಿ.

ಪ್ರತಿ ಜಾಗದಲ್ಲೂ ನಾಲ್ಕೈದು ಬಾರಿ ಸ್ಟ್ರೈಕ್ (ಪದರದ ಮೇಲೆ ಮಟ್ಟಸವಾಗಿ ಎಳೆದ ಗೆರೆಯ ದಿಕ್ಕು), ಡಿಪ್ ಅಳೆದು ಸರಾಸರಿ ಬರೆಯಿರಿ. ಅಳೆಯುವಾಗ ಸುತ್ತಿಗೆ ದೂರವಿಡಿ, ಕರೆಂಟಿನ ದೊಡ್ಡ ತಂತಿಯ ಕೆಳಗೆ ಕಂಪಾಸ್ ತೆಗೆಯಬೇಡಿ. ಕಲ್ಲು ಗುರುತಿಸಲು ಆಮ್ಲದ ಒಂದು ಹನಿ: ಸುಣ್ಣದಕಲ್ಲು ತಕ್ಷಣ ನೊರೆಯುಕ್ಕುತ್ತದೆ, ಅದನ್ನೇ ಹೋಲುವ ಡಾಲೊಮೈಟ್ ಸುಮ್ಮನಿರುತ್ತದೆ, ಚಾಕುವಿನಿಂದ ಕೆರೆದ ಪುಡಿಯ ಮೇಲೆ ಹಾಕಿದರೆ ಮಾತ್ರ ಮೆಲ್ಲಗೆ ಗುಳ್ಳೆ ಏಳುತ್ತವೆ.

ಹೆಚ್ಚು ಜನ ಎಡವುವುದು ಪದರದ ಮೇಲು-ಕೆಳಗು ನೋಡದೆ ಮುಂದೆ ಹೋಗುವುದರಿಂದ; ಮಡಿಕೆಯಲ್ಲಿ ಪದರ ತಲೆಕೆಳಗಾಗಿರಬಹುದು. ಮೊದಲು ಬಾದಾಮಿಗೆ ಹೋಗಿ. ಅಲ್ಲಿನ ಮರಳುಗಲ್ಲು ಬಹುತೇಕ ಮಟ್ಟಸವಾಗಿದೆ, ತಲೆಕೆಳಗಾಗಿಲ್ಲ. ಬಂಡೆಯಲ್ಲಿ ಓರೆ ಗೆರೆಗಳ ಕಟ್ಟುಗಳಿವೆ: ಪ್ರತಿ ಕಟ್ಟಿನ ಕೆಳತುದಿ ಮೆಲ್ಲಗೆ ಬಾಗಿ ತಳಕ್ಕೆ ತಾಗುತ್ತದೆ, ಮೇಲ್ತುದಿಯನ್ನು ಮುಂದಿನ ಕಟ್ಟು ಚಕ್ಕನೆ ಕತ್ತರಿಸುತ್ತದೆ. ಆ ಕತ್ತರಿಸಿದ ಕಡೆಯೇ ಮೇಲು. ಕಣ್ಣಿಗೆ ಇದು ರೂಢಿಯಾದ ಮೇಲೆ ಬಾಗಲಕೋಟೆಯ ಓರೆ ಪದರಗಳಿಗೆ ಬನ್ನಿ. ಜೇಡಿಗಲ್ಲಿನಲ್ಲಿ ಸೀಳುಗಳನ್ನೇ ಪದರ ಎಂದು ಅಳೆಯುವ ಅಪಾಯವಿದೆ. ಬಣ್ಣ, ಕಣದ ಗಾತ್ರ ಬದಲಾಗುವ ಗೆರೆಯೇ ನಿಜವಾದ ಪದರ. ರಾಮದುರ್ಗದ ಕಡೆ ಮಡಿಕೆ ಬಿದ್ದು ಸವೆದ ಹಳೆಯ ಪದರಗಳ ಮೇಲೆ ಬಾದಾಮಿ ಗುಂಪಿನ ಕಲ್ಲು ಮಟ್ಟಸವಾಗಿ ಕೂತಿದೆ. ಮೇಲಿನ ಡಿಪ್ಪನ್ನು ಕೆಳಗಿನದಕ್ಕೆ ಜೋಡಿಸಿ ಗೆರೆ ಎಳೆದರೆ ಇಡೀ ನಕ್ಷೆ ಸುಳ್ಳಾಗುತ್ತದೆ.

ಈಗ ಅಡ್ಡಸೀಳು ನಕ್ಷೆ, ಅಂದರೆ ನಡೆದ ಗೆರೆಯುದ್ದಕ್ಕೂ ನೆಲವನ್ನು ಕತ್ತರಿಸಿದರೆ ಕಾಣುವ ಚಿತ್ರ. ಅಡ್ಡ ಮತ್ತು ಲಂಬ ಸ್ಕೇಲ್ ಒಂದೇ ಇರಲಿ. ಲಂಬವನ್ನು ಹಿಗ್ಗಿಸಿದರೆ ಡಿಪ್ ಕೆಡುತ್ತದೆ. ಸಮತಟ್ಟು ನೆಲದಲ್ಲಿ ಸ್ಟ್ರೈಕ್‌ಗೆ ನೇರ ಅಡ್ಡಲಾಗಿ ಪದರದ ಅಗಲ 400 ಮೀಟರ್, ಡಿಪ್ 30° ಇದ್ದರೆ ನಿಜವಾದ ದಪ್ಪ 400 × ಸೈನ್ 30°, ಅಂದರೆ 200 ಮೀಟರ್. ನಿಮ್ಮ ಗೆರೆ ಸ್ಟ್ರೈಕ್‌ಗೆ ಓರೆಯಾಗಿದ್ದರೆ ಡಿಪ್ ಕಡಿಮೆ ಕಾಣುತ್ತದೆ: 40° ಡಿಪ್, ಸ್ಟ್ರೈಕ್‌ಗೂ ಗೆರೆಗೂ 30° ಕೋನವಿದ್ದರೆ ನಕ್ಷೆಯಲ್ಲಿ ಬರಬೇಕಾದದ್ದು ಸುಮಾರು 23°.

ಬಾವಿಯ ಜಾಗ ತೀರ್ಮಾನವಾಗುವುದು ಇಲ್ಲಿಂದ ಮುಂದೆ. ಎಣ್ಣೆ ನೀರಿನ ಮೇಲೆ ತೇಲಿ ಮಡಿಕೆಯ ನೆತ್ತಿಯಲ್ಲಿ ಸೇರುತ್ತದೆ. ಪದರಗಳು ಕಮಾನಿನಂತೆ ಉಬ್ಬಿದ ಆಂಟಿಕ್ಲೈನ್‌ನ ನೆತ್ತಿ ನೆಲದ ಮೇಲೆ ಎಲ್ಲಿದೆಯೋ ಆಳದಲ್ಲೂ ಅಲ್ಲೇ ಇರಬೇಕೆಂದಿಲ್ಲ. ಒಂದು ಪಕ್ಕ ಕಡಿದಾಗಿ, ಇನ್ನೊಂದು ಪಕ್ಕ ಮೆತ್ತಗೆ ಇಳಿದಿದ್ದರೆ ಮಡಿಕೆಯ ಅಕ್ಷತಲ (ಎರಡು ಪಕ್ಕಗಳ ನಡುವೆ ಹಾದುಹೋಗುವ ತಲ) ಆಳಕ್ಕೆ ಹೋದಂತೆ ಮೆತ್ತನೆಯ ಪಕ್ಕದ ಕಡೆಗೆ ಇಳಿದಿರುತ್ತದೆ. ಆ ತಲ ಮಟ್ಟದಿಂದ 60° ಓರೆಯಿದ್ದು ಎಣ್ಣೆಯ ಪದರ 1,500 ಮೀಟರ್ ಆಳದಲ್ಲಿದ್ದರೆ ಅಲ್ಲಿನ ನೆತ್ತಿ ಸುಮಾರು 870 ಮೀಟರ್ ಸರಿದಿರುತ್ತದೆ. ಮೇಲಿನ ನೆತ್ತಿಯಲ್ಲಿ ನೇರ ಕೊರೆದವರಿಗೆ ಕಡಿದಾದ ಪಕ್ಕ ಸಿಕ್ಕಿ, ಬಾವಿಯಲ್ಲಿ ನೀರು ಬರುತ್ತದೆ. 1908ರಲ್ಲಿ ಎಣ್ಣೆ ಸಿಕ್ಕ ಇರಾನಿನ ಮಸ್ಜೆದ್ ಸುಲೈಮಾನ್ ಇರುವ ಝಾಗ್ರೋಸ್ ಪರ್ವತಗಳಲ್ಲಿ ತೊಂದರೆ ಇನ್ನೂ ದೊಡ್ಡದು: ಎಣ್ಣೆ ಹಿಡಿದ ಅಸ್ಮಾರಿ ಸುಣ್ಣದಕಲ್ಲಿನ ಮೇಲೆ ಗಚ್‌ಸಾರನ್ ಎಂಬ ಉಪ್ಪು, ಜಿಪ್ಸಂ ಪದರಗಳಿವೆ. ಅವು ಜಾರಿ ಹರಿದಿರುವುದರಿಂದ ಮೇಲಿನ ಮಡಿಕೆಗೂ ಕೆಳಗಿನ ಮಡಿಕೆಗೂ ತಾಳೆಯೇ ಇರುವುದಿಲ್ಲ.

ನಕ್ಷೆ ಸರಿಯೇ ಎಂದು ಪರೀಕ್ಷಿಸಲು ಪದರಗಳ ಉದ್ದ ಅಳೆಯಿರಿ. ಬಾಗಿದ ಪದರ 12 ಕಿ.ಮೀ., ಈಗಿನ ಅಗಲ 10 ಕಿ.ಮೀ. ಆದರೆ ಕುಗ್ಗಿದ್ದು 2 ಕಿ.ಮೀ. ಅಡ್ಡಸೀಳಿನಲ್ಲಿ ಮೂಲ ಮಟ್ಟದ ಮೇಲೆ ಉಬ್ಬಿದ ಭಾಗ 6 ಚದರ ಕಿ.ಮೀ. ಇದ್ದರೆ ಪದರಗಳು ಜಾರಿದ ತಳ ಆ ಮಟ್ಟದಿಂದ 6 ÷ 2, ಅಂದರೆ 3 ಕಿ.ಮೀ. ಕೆಳಗಿದೆ. ಒಂದೊಂದು ಪದರದ ಉದ್ದ ಒಂದೊಂದು ಥರ ಬಂದರೆ ಎಲ್ಲೋ ಒಂದು ಥ್ರಸ್ಟ್ (ಒಂದು ಬದಿಯ ಕಲ್ಲು ಇನ್ನೊಂದರ ಮೇಲೇರಿದ ಬಿರುಕು) ಬಿಟ್ಟುಹೋಗಿದೆ, ಹುಡುಕಿ.

ಮಡಿಕೆಯ ಅಕ್ಷದ, ಅಂದರೆ ನೆತ್ತಿಗೆರೆಯ ಉದ್ದಕ್ಕೂ ನಡೆದು ಮಡಿಕೆ ಎರಡೂ ತುದಿಯಲ್ಲಿ ತಗ್ಗುತ್ತದೆಯೇ ನೋಡಲೇಬೇಕು. ನಾಲ್ಕೂ ಕಡೆ ಇಳಿಜಾರಿಲ್ಲದಿದ್ದರೆ ಎಣ್ಣೆ ತೆರೆದ ತುದಿಯಿಂದ ಸರಿದುಹೋಗುತ್ತದೆ. ಮೇಲೆ ಶೇಲ್ (ಜೇಡಿಗಲ್ಲು) ಅಥವಾ ಉಪ್ಪಿನ ಮುಚ್ಚಳ ಬೇಕು. ಎಣ್ಣೆ ಹುಟ್ಟುವ ಶೇಲ್ ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್ ಕಾದಿರಬೇಕು, ಅದೂ ಮಡಿಕೆ ಬಿದ್ದ ಮೇಲೆ. ಎಣ್ಣೆ ಮೊದಲೇ ಹೊರಟಿದ್ದರೆ ಆ ಮಡಿಕೆ ಖಾಲಿ. ನೆಲದ ಮೇಲೆ ಅನಿಲ ಕಂಡ ಮಾತ್ರಕ್ಕೆ ಕೆಳಗೆ ದೊಡ್ಡ ನಿಕ್ಷೇಪ ಇದೆಯೆಂದೂ ಅಲ್ಲ. ಹಿಮಾಚಲದ ಜ್ವಾಲಾಮುಖಿ ದೇವಾಲಯದಲ್ಲಿ ಅನಿಲದ ಜ್ವಾಲೆ ಇಂದಿಗೂ ಉರಿಯುತ್ತಿದೆ, ಆದರೂ ಅಲ್ಲಿ ವಾಣಿಜ್ಯ ಉತ್ಪಾದನೆ ಬರಲಿಲ್ಲ.

ಕೊರೆಯುವಾಗ ಓರೆ ಪದರ ಬಿಟ್ಟನ್ನು (ಕಲ್ಲು ಕೊರೆಯುವ ತುದಿಯನ್ನು) ಪಕ್ಕಕ್ಕೆ ಎಳೆಯುತ್ತದೆ, ಆದ್ದರಿಂದ ಬಾವಿಯ ವಾಲಿಕೆಯನ್ನು ಆಗಾಗ ಅಳೆಯುತ್ತಿರಬೇಕು. ಬಾವಿಯೊಳಗೆ ಪದರದ ಡಿಪ್ ಅಳೆಯುವ ಡಿಪ್‌ಮೀಟರ್ ದಾಖಲೆಯನ್ನು ನಿಮ್ಮ ನಕ್ಷೆಯ ಪಕ್ಕದಲ್ಲಿಡಿ. ನೆತ್ತಿ ಹತ್ತಿರವಾದಂತೆ ಡಿಪ್ ತಗ್ಗಬೇಕು. ತಗ್ಗದೆ 40°, 50° ಎಂದೇ ಬರುತ್ತಿದ್ದರೆ ನೀವು ಪಕ್ಕದಲ್ಲಿದ್ದೀರಿ. ಪದರ ತಲೆಕೆಳಗಾಗಿಲ್ಲವೆಂದು ಖಚಿತಪಡಿಸಿಕೊಂಡು, ಡಿಪ್ ಯಾವ ಕಡೆಗಿದೆಯೋ ಅದರ ಎದುರು ದಿಕ್ಕಿಗೆ ಅದೇ ಬಾವಿಯಿಂದ ಕವಲು ಕೊರೆಯಿರಿ.